ದೋಣಿ ಮುಳುಗಿಸಿದ ಮೇಲೆ

ಜೂಟರ್‌ಮೀರ್‌ನ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವಳು ಚೀನಾದವಳು. ನಾನು ಡಚ್ ಪೌರತ್ವಕ್ಕೆ ಅರ್ಜಿ ಹಾಕಿದ್ದೇನೆ ಎಂದಾಗ ತನ್ನ ಭಾಷೆಯ ನುಡಿಗಟ್ಟೊಂದನ್ನು ಹೇಳಿದಳು: ಮಡಕೆ ಒಡೆದು ದೋಣಿ ಮುಳುಗಿಸುವುದು. ಹಿಂದೆ ಒಬ್ಬ ಸೇನಾಪತಿ ತನಗಿಂತ ದೊಡ್ಡ ಸೈನ್ಯದ ಮೇಲೆ ಯುದ್ಧಕ್ಕೆ ಹೋಗುವಾಗ, ನದಿ ದಾಟಿದ ಕೂಡಲೇ ದೋಣಿಗಳನ್ನೆಲ್ಲ ಮುಳುಗಿಸಿ, ಅಡುಗೆಯ ಮಡಕೆಗಳನ್ನು ಒಡೆಸಿಬಿಟ್ಟನಂತೆ. ಉಳಿದದ್ದು ಮೂರು ದಿನದ ಬುತ್ತಿ. ಸೋತರೆ ಊರಿಗೆ ದಾರಿಯೇ ಇಲ್ಲವೆಂದು ತಿಳಿದ ಸೈನಿಕರು ಪ್ರಾಣದ ಹಂಗು ತೊರೆದು ಕಾದಾಡಿ ಗೆದ್ದರು. ಹಿಂದಕ್ಕೆ ಹೋಗುವ ದಾರಿಯನ್ನು ತಾನೇ ಮುಚ್ಚಿಕೊಂಡು ಮುನ್ನುಗ್ಗುವುದೆಂದು ಅದರ ಅರ್ಥ.

"ನೀನ್ಯಾವಾಗ ಮುಳುಗಿಸ್ತೀಯ?" ಎಂದೆ.

"ಅಮ್ಮ ಇರೋವರೆಗೂ ಇಲ್ಲ."

ಪುಕ್ಕಲಿ ಎಂದುಕೊಂಡೆ. ನನಗೆ ಮೊದಲಿನಿಂದಲೂ ಕೊಬ್ಬು ಸ್ವಲ್ಪ ಹೆಚ್ಚು.

ಗೆಮೇಂಟೆಯಲ್ಲಿ, ಅಂದರೆ ಇಲ್ಲಿನ ಪುರಸಭೆಯಲ್ಲಿ, ಪ್ರಮಾಣವಚನ ಹೇಳಿ ಡಚ್ಚಳಾದೆ. ಭಾರತದಲ್ಲಿ ಎರಡು ಪೌರತ್ವ ಇಲ್ಲ; ಅವತ್ತಿಗೆ ನನ್ನ ಭಾರತದ ಪಾಸ್‌ಪೋರ್ಟ್ ಮುಗಿಯಿತು. ಅದನ್ನು ರಾಯಭಾರ ಕಚೇರಿಗೆ ಒಪ್ಪಿಸಿ ಪ್ರಮಾಣಪತ್ರ ಪಡೆಯಬೇಕು, ಆಮೇಲೆ ಊರಿಗೆ ಹೋಗಲು ವೀಸಾ ಕೇಳಬೇಕು. ಇದೆಲ್ಲ ಗೊತ್ತಿತ್ತು. ಆದರೂ ಮುಂದಿನ ವಾರ ಮಾಡೋಣ ಎನ್ನುತ್ತ, ಹೊಸ ಪಾಸ್‌ಪೋರ್ಟಿನ ಗತ್ತಿನಲ್ಲಿ ಸ್ಪೇನ್ ಸುತ್ತಿ ಬಂದೆ. ಹಳೆಯದು ಡ್ರಾಯರಿನಲ್ಲೇ ಬಿದ್ದಿತ್ತು. ಅಷ್ಟರಲ್ಲಿ ಮೈಸೂರಿನಿಂದ ಭಾವ ಫೋನ್ ಮಾಡಿದರು. ಅಕ್ಕ ಆಸ್ಪತ್ರೆಯಲ್ಲಿದ್ದಳು, ಡಾಕ್ಟರು ಕೈಚೆಲ್ಲಿದ್ದರು.

ಅಮ್ಮ ತೀರಿಕೊಂಡಾಗ ನನಗೆ ಎಂಟು ವರ್ಷ. ಅಂದಿನಿಂದ ನನ್ನನ್ನು ಸಾಕಿದವಳು ಅಕ್ಕ. ಅವಳಿಗಾಗ ಹದಿನೇಳು. ನನಗೆ ಡಬ್ಬಿ ಕಟ್ಟಿಕೊಟ್ಟು, ತಾನು ಕಾಲೇಜು ಬಿಟ್ಟಳು.

ಅವತ್ತೇ ಅರ್ಜಿ ಹಾಕಿದೆ. ಅತ್ತು ಬೇಡಿದೆ. ಎಷ್ಟು ಬೇಗವೆಂದರೂ ಎರಡು ವಾರ ಬೇಕಿತ್ತು. ತಪ್ಪು ಯಾರದೂ ಅಲ್ಲ, ನನ್ನದೇ.

ಸಂಜೆ ಭಾವ ಫೋನನ್ನು ಅಕ್ಕನ ಕಿವಿಗೆ ಹಿಡಿದರು.

"ಟಿಕೆಟ್ ಆಯ್ತೇನೆ?"

"ಆಯ್ತಕ್ಕ. ನಾಳಿದ್ದು ಅಲ್ಲಿರ್ತೀನಿ."

ಇನ್ನೇನು ಹೇಳಲಿ? ನಾನು ಹೇಳಿದ ಆ ನಾಳಿದ್ದಿನ ಮಧ್ಯಾಹ್ನ ಅವಳು ಹೋದಳು. ಸಂಸ್ಕಾರವನ್ನು ಅಡುಗೆಮನೆಯಲ್ಲಿ ನಿಂತು ಮೊಬೈಲಿನಲ್ಲಿ ನೋಡಿದೆ. ನನ್ನ ಮಗ ಬಂದು ಡಚ್ಚಿನಲ್ಲಿ ಏನೋ ಕೇಳಿದ.

ವೀಸಾ ಸಿಕ್ಕಿ ಮೈಸೂರು ತಲುಪಿದಾಗ ವೈಕುಂಠ ಸಮಾರಾಧನೆಯೂ ಮುಗಿದಿತ್ತು. ನಾನು ಸುಳ್ಳು ಹೇಳಿದ್ದು ಭಾವನಿಗೆ ಗೊತ್ತಿರಲಿಲ್ಲ, ಟಿಕೆಟ್ ಆದಮೇಲೆ ವೀಸಾ ತೊಡಕಾಯಿತೆಂದು ತಿಳಿದಿದ್ದರು. ನನ್ನನ್ನು ಸಮಾಧಾನ ಮಾಡಲೆಂದೇ ಅವರು ಹೇಳಿದರು:

"ನಿನ್ ಹತ್ರ ಮಾತಾಡಿದ್ಮೇಲೆ ನರ್ಸ್‌ನ ಕರೆದು ತಲೆ ಬಾಚಿಸ್ಕೊಂಡ್ಲು ಕಣಮ್ಮ. ನನ್ನ ಹೀಗೆ ನೋಡಿದ್ರೆ ಅವ್ಳು ಹೆದರ್ಕೋತಾಳೆ ಅಂದ್ಲು."