ಕಾಕಾ ಹಚ್ಚಿದ ನೀರಿನ ಪಾಳಿ

ನಿಡಸೋಸಿಯಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿದ್ದಾಗ ನಾನೊಂದು ಆಟ ಮಾಡಿದ್ದೆ. ಬ್ರೌಸರಿನಲ್ಲಿ ತೆರೆದು ಆಡುವಂಥದ್ದು. ಕಾಲುವೆಯ ತುಂಡುಗಳನ್ನು ತಿರುಗಿಸಿ ಜೋಡಿಸುತ್ತ ಧುಪದಾಳದ ಕಟ್ಟೆಯಿಂದ ನಮ್ಮ ಹೊಲಕ್ಕೆ ನೀರು ತರಬೇಕು. ವೇಳೆ ಮುಗಿದರೆ ಕಟ್ಟೆಯ ಬಾಗಿಲು ಬಂದ್. ಇದೇ ನನ್ನ ಪ್ರಾಜೆಕ್ಟು.

“ಹೊರಗಿನ ಪರೀಕ್ಷಕರು ತಾವ ಕುಂತು ಆಡತಾರವಾ. ಒಂದ ಸಲಕ್ಕ ಗೆದ್ರ ಹುಡುಗಾಟ ಅಂತಾರ. ಗೆಲ್ಲಾಕ ಆಗಲಿಲ್ಲಂದ್ರ ಎದ್ದ ಹೋಗತಾರ. ಎರಡರಾಗ ಯಾವದಾದ್ರೂ ನೀ ಫೇಲ್,” ಎಂದು ನಮ್ಮ ಗೈಡ್ ಸರ್ ಹೆದರಿಸಿಟ್ಟಿದ್ದರು.

ನಾನು ಇಪ್ಪತ್ತು ಸೆಕೆಂಡಿನಲ್ಲಿ ಮುಗಿಸುತ್ತಿದ್ದೆ. ಮುಗಿಸದೆ ಏನು, ಉತ್ತರ ಬರೆದವಳೇ ನಾನು! ದೊಡ್ಡ ಮನಸ್ಸು ಮಾಡಿ ಉಳಿದವರಿಗೆ ನಲವತ್ತು ಕೊಟ್ಟೆ. ರಜೆಗೆ ಮೂಡಲಗಿಯ ಮನೆಗೆ ಬಂದು, ನಮ್ಮ ಹೊಲ ನೋಡಿಕೊಳ್ಳುವ ಕಾಕಾನನ್ನು ಹಿಡಿದು ಕೂರಿಸಿದೆ. ಅವರು ಕೈ ಒರೆಸಿಕೊಂಡು, ಮೌಸ್ ಒರೆಸಿ, ಕನ್ನಡಕ ಹುಡುಕುವಷ್ಟರಲ್ಲಿ ವೇಳೆ ಮುಗಿಯಿತು. ತೊಂಬತ್ತು ಮಾಡಿದೆ. ಸೋತರು. ಮೂರು ನಿಮಿಷ ಮಾಡಿದೆ. ಆಗಲೂ ಸೋತರು. ಅದೇ ಆಟವನ್ನು ಗೋಕಾಕದ ಗೆಳತಿ ಚುರಮುರಿ ತಿನ್ನುತ್ತ ಅರ್ಧ ನಿಮಿಷದಲ್ಲಿ ಗೆದ್ದು, “ಇಷ್ಟನ?” ಎಂದಳು. ಬಿಗಿ ಮಾಡಿದರೆ ಕಾಕಾ ಸೋಲುತ್ತಾರೆ, ಸಡಿಲ ಮಾಡಿದರೆ ಇವಳು ಆಕಳಿಸುತ್ತಾಳೆ. ಪರೀಕ್ಷಕರು ಯಾರ ಪೈಕಿಯೋ ದೇವರೇ ಬಲ್ಲ.

ಪರೀಕ್ಷೆಗೆ ನಾಲ್ಕು ದಿನ ಉಳಿದಾಗ ಕಾಕಾನ ಬೆನ್ನ ಹಿಂದೆ ನಿಂತು ನೋಡಿದೆ. ನೀರು ನಮ್ಮ ಹೊಲದ ಬದುವಿಗೇ ಬಂದಿತ್ತು. ಇನ್ನೊಂದು ತುಂಡು ತಿರುಗಿಸಿದರೆ ಗೆದ್ದಂತೆ. ಈ ಪುಣ್ಯಾತ್ಮ ಅದನ್ನು ಬಿಟ್ಟು ಕೆಳಗಿನ ಮೂರು ಹೊಲಗಳ ಕಡೆ ಕಾಲುವೆ ಎಳೆಯುತ್ತಿದ್ದರು. ಪರದೆ ಬೋಳಾಗಿ ಕಾಣಬಾರದೆಂದು ನಾನು ಬಿಡಿಸಿದ್ದ ಹೊಲಗಳವು; ಎಷ್ಟು ನೀರು ಹರಿಸಿದರೂ ತೊಯ್ಯುವಂಥವಲ್ಲ.

“ಕಾಕಾ, ಅವು ಸುಮ್ನ ಚಿತ್ರ ಅದಾವ್ರಿ! ನಮ್ಮ ಹೊಲಕ್ಕ ತಿರುವ್ರಿ!” ಎಂದು ಒದರಿದೆ.

“ಕಡೀ ಹೊಲದ ಪಾಳಿ ಮೊದಲು. ಅವರದು ತೊಯ್ಲಾರದ ನಾ ಹೆಂಗ ತಿರುವ್ಲಿ? ನಾಳೆ ಅವರ ಮಾರಿ ನೋಡೂದು ಬ್ಯಾಡೇನು?”

“ಅಲ್ಲಿ ಯಾರೂ ಇಲ್ರಿ!”

“ಹೊಲ ಐತಿ ಅಂದ ಮ್ಯಾಲ ರೈತ ಇರೂದಿಲ್ಲೇನು? ಊಟಕ್ಕ ಹೋಗಿರಬೇಕು.”

ನಮ್ಮ ಕಾಲುವೆಗೆ ನೀರು ಬಿಟ್ಟಾಗ ತುದಿಯ ಹೊಲದಿಂದ ಪಾಳಿ ಶುರುವಾಗುವುದು ರೂಢಿ. ಕಾಕಾ ಅದನ್ನು ಆಟದಲ್ಲೂ ಬಿಡಲೊಲ್ಲರು. ನನ್ನ ಪಿತ್ತ ನೆತ್ತಿಗೇರಿತು. ಸಿಟ್ಟಿನಲ್ಲೇ ಕೂತು ಅದನ್ನೇ ನಿಯಮ ಮಾಡಿದೆ: ಕೆಳಗಿನವರದು ತೊಯ್ಯದೆ ನಮಗೆ ನೀರಿಲ್ಲ. ವೇಳೆ ಎರಡು ನಿಮಿಷ. ಕಾಕಾ ಇನ್ನು ಮೂರು ಸೆಕೆಂಡು ಇದೆ ಎನ್ನುವಾಗ ಗೆದ್ದರು. ಗೋಕಾಕದವಳು ಎರಡು ಸಲ ಸೋತು ಚುರಮುರಿ ಬದಿಗಿಟ್ಟಳು. ಅಬ್ಬಾ, ನನಗೆ ಹೋದ ಜೀವ ಬಂದಂತಾಯಿತು.

ಪರೀಕ್ಷೆಯ ದಿನ ಪರೀಕ್ಷಕರು ಸೀದಾ ತಮ್ಮ ಹೊಲಕ್ಕೆ ನೀರು ತಿರುಗಿಸಿದರು. ‘ಕಡೆಯವರ ಪಾಳಿ ಮುಗಿದಿಲ್ಲ’ ಎಂದು ಆಟ ನಿಂತಿತು. ಕುರ್ಚಿ ಮುಂದಕ್ಕೆಳೆದುಕೊಂಡರು. ಮೂರನೆಯ ಸಲ ಗೆದ್ದು ಮೇಜು ಗುದ್ದಿದರು.

“ಈ ಪಾಳಿ ಯಾರ ತಲೆಗೆ ಹೊಳೆದದ್ದು?”

“ನನಗ ಸರ್,” ಎಂದುಬಿಟ್ಟೆ.

ಪಾಸಾದೆ. ಮೂಡಲಗಿಯಲ್ಲಿ ಬಸ್ಸಿಳಿದು ಮನೆಗೆ ಬಂದರೆ ಕಾಕಾ ಬಾಗಿಲಲ್ಲೇ ಕೂತಿದ್ದರು. ಪಾಸೋ ಫೇಲೋ ಕೇಳಲೇ ಇಲ್ಲ.

“ಸಾಹೇಬ್ರು ಕಡೀ ಹೊಲಕ್ಕ ನೀರ ಮುಟ್ಟಿಸಿದ್ರೇನವಾ?”

“ಮುಟ್ಟಿಸಿದ್ರಿ.”

“ಹಂಗಾದ್ರ ಛಲೋ ಮನಿಷ್ಯಾರು. ನಿನ್ನ ಪಾಸ್ ಮಾಡಿರತಾರ ಬಿಡು.”

ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಚಹಾ ಕೂಡ ಕುಡಿಯದೆ ಕೂತು, ಪರದೆಯ ತಳದಲ್ಲಿ ‘ಪಾಳಿ ಹಚ್ಚಿದವರು ನಮ್ಮ ಕಾಕಾ’ ಎಂದು ದಪ್ಪಕ್ಷರದಲ್ಲಿ ಬರೆದೆ. ಅದನ್ನು ಓದಬೇಕಾದ ಒಬ್ಬರೇ ಒಬ್ಬರು, ಆ ಪರೀಕ್ಷಕರು, ಆಗಲೇ ತಮ್ಮೂರಿನ ಬಸ್ ಹತ್ತಿ ಹೋಗಿದ್ದರು.