ಕೆಲಸ: ಏನೂ ಇಲ್ಲ

"ಕಣ್ಣು ಮುಚ್ಚಿಕೊಳ್ಳಿ ಅಮ್ಮಾ. ನಾನು ಕಾಲಿಗೆ ಮುಟ್ಟಿದಾಗೆಲ್ಲ ಹೂಂ ಅನ್ನಿ" ಎಂದರು ಡಾಕ್ಟರಮ್ಮ.

ನಮ್ಮ ದೊಡ್ಡವ್ವ ಕಣ್ಣು ಮುಚ್ಚಿದಳು. ಡಾಕ್ಟರಮ್ಮ ಗಾಳದ ದಾರದಂಥ ಒಂದು ನೈಲಾನ್ ಎಳೆಯಿಂದ ಅವಳ ಅಂಗಾಲನ್ನು ಒಂದು ಕಡೆ ಮೆಲ್ಲಗೆ ಒತ್ತಿದರು. "ಹೂಂ." ಇನ್ನೊಂದು ಕಡೆ. "ಹೂಂ." ಮತ್ತೊಂದು ಕಡೆ. "ಹೂಂ." ತಾಳ ಹಾಕಿದ ಹಾಗೆ, ಸರಿಯಾದ ಅಂತರದಲ್ಲಿ.

ಆಮೇಲೆ ಡಾಕ್ಟರಮ್ಮ ಎಳೆಯನ್ನು ಗಾಳಿಯಲ್ಲೇ ಹಿಡಿದು ಸುಮ್ಮನೆ ಕೂತರು.

"ಹೂಂ" ಎಂದಳು ದೊಡ್ಡವ್ವ.

ಡಾಕ್ಟರಮ್ಮ ಜೋರಾಗಿ ನಕ್ಕರು ಎಂದೇ ನನ್ನ ನೆನಪು. ಇದನ್ನು ಬರೆಯುವ ಮೊದಲು ಡೈರಿ ತೆಗೆದು ನೋಡಿದೆ. "ಡಾ. ನಗಲಿಲ್ಲ. ಹಾಳೆಯ ಮೇಲೆ ಏನೋ ಬರೆದುಕೊಂಡರು" ಎಂದಿದೆ. ಹಾಗಾದರೆ ನಕ್ಕವನು ನಾನೇ ಇರಬೇಕು.

ದೊಡ್ಡವ್ವ ಎಂದರೆ ನಮ್ಮವ್ವನ ಅಕ್ಕ, ಶಂಕ್ರಮ್ಮ. ತೆಲುಗು ಸೀಮೆಯಂಚಿನ ನಾರಾಯಣಪೇಟೆಯ ನೇಕಾರರ ಓಣಿಯವಳು. ಆಧಾರ್ ಕಾರ್ಡಿನ ಪ್ರಕಾರ ಅರವತ್ತೆಂಟು (ಅವಳ ಪ್ರಕಾರ "ಅರವತ್ತರ ಆಜುಬಾಜು"). ಎಷ್ಟೋ ವರ್ಷಗಳಿಂದ ಶುಗರ್. ಈಚೆಗೆ ಬಲಗಾಲ ಹೆಬ್ಬೆರಳ ಬುಡದಲ್ಲಿ, ಅಂಗಾಲಿಗೆ, ಒಂದು ಹುಣ್ಣಾಯಿತು. ಮಾಯಲಿಲ್ಲ. ನಾನು ಮಕ್ತಲ್‌ನಲ್ಲಿ ಪಾಠ ಹೇಳಿಕೊಂಡಿರುವವನು. ಇಲ್ಲಿ ಶುಗರ್ ಇರುವವರ ಕಾಲಿನ ಹುಣ್ಣು ನೋಡುವ ಡಾಕ್ಟರಮ್ಮ ಒಬ್ಬರಿದ್ದಾರೆಂದು ಕರೆಸಿಕೊಂಡೆ. ವಾರಕ್ಕೊಮ್ಮೆ ಬಸ್ಸಿನಲ್ಲಿ ಬರುತ್ತಿದ್ದಳು. ಬಸ್‌ಸ್ಟ್ಯಾಂಡಿನಿಂದ ಕ್ಲಿನಿಕ್ಕಿಗೆ ನನ್ನ ಬೈಕು.

ನಾಲ್ಕು ವಾರವಾದರೂ ಹುಣ್ಣು ಇದ್ದಲ್ಲೇ ಇತ್ತು. ಶುಗರ್ ಇಳಿದಿತ್ತು. ಗುಳಿಗೆ ಬದಲಾದವು, ಮುಲಾಮು ಬದಲಾಯಿತು. ಡಾಕ್ಟರಮ್ಮನ ಹಣೆಯ ಗೆರೆ ಮಾತ್ರ ವಾರಕ್ಕೊಂದು ಹೆಚ್ಚಾಯಿತು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಹೇಳಿದರು: "ಸದ್ಯ ಎಲುಬು ಚೆನ್ನಾಗಿದೆ. ಹುಣ್ಣು ಎಲುಬಿಗೆ ಇಳಿದರೆ ಬೆರಳು ತೆಗೆಯಬೇಕಾಗುತ್ತದೆ. ಬೆರಳಿಗೇ ನಿಲ್ಲುತ್ತದೆ ಅಂತಲೂ ನಾನು ಹೇಳಲಾರೆ. ಅಮ್ಮಾ, ಈ ಕಾಲಿನ ಮೇಲೆ ಭಾರ ಹಾಕ್ತಾ ಇದ್ದೀರಾ?"

"ಇಲ್ಲವ್ವಾ."

"ಓಡಾಟ?"

"ಮಂಚ ಬಿಟ್ಟು ಇಳಿಯಂಗಿಲ್ಲ ನೋಡು."

(ಡಾಕ್ಟರಮ್ಮ ಕೇಳುವುದು ತೆಲುಗಿನಲ್ಲಿ, ದೊಡ್ಡವ್ವ ಉತ್ತರಿಸುವುದು ಕನ್ನಡದಲ್ಲಿ. ನಮ್ಮ ಕಡೆ ಇದರಿಂದ ಯಾರಿಗೂ ತೊಡಕಿಲ್ಲ. ತೊಡಕು ಬೇರೆ ಕಡೆ ಇತ್ತು.)

"ಹೌದಾ ಸಾರ್?" ಎಂದು ಡಾಕ್ಟರಮ್ಮ ನನ್ನ ಕಡೆ ತಿರುಗಿದರು.

ಆಗ ನಾನು ಏನೂ ಹೇಳದೆ ನೆಲ ನೋಡಿದೆ ಎಂದು ಇಷ್ಟು ದಿನ ನಂಬಿಕೊಂಡಿದ್ದೆ. ಅಷ್ಟರ ಮಟ್ಟಿಗಾದರೂ ಮರ್ಯಾದಸ್ಥ ಎಂದುಕೊಂಡಿದ್ದೆ. ಡೈರಿಯಲ್ಲಿ ನನ್ನದೇ ಕೈಬರಹ: "ಹೌದು ಮೇಡಂ, ಆರಾಮಾಗಿದ್ದಾರೆ ಅಂದೆ."

ಅದು ಸುಳ್ಳೆಂದು ನನಗೆ ಗೊತ್ತಿತ್ತು. ಹಿಂದಿನ ಭಾನುವಾರವಷ್ಟೇ ಅವಳ ಮನೆಗೆ ಹೋಗಿದ್ದೆ. ದೊಡ್ಡವ್ವ ಮಗ್ಗದಲ್ಲಿದ್ದಳು.

ಕುಣಿಮಗ್ಗ ನೋಡದವರಿಗೆ ಹೇಳುತ್ತೇನೆ. ನೆಲದಲ್ಲಿ ಒಂದು ಕುಣಿ. ನೇಯುವವರು ಅದರ ಅಂಚಿಗೆ ಕೂತು ಕಾಲುಗಳನ್ನು ಒಳಗೆ ಇಳಿಬಿಡಬೇಕು. ಕೆಳಗೆ ಎರಡು ಹಲಗೆ. ಅಡ್ಡ ನೂಲು ಹೊತ್ತ ಲಾಳಿ ಆ ಕಡೆ ಹೋಗುವಾಗ ಒಂದು ಹಲಗೆ ತುಳಿಯಬೇಕು, ಈ ಕಡೆ ಬರುವಾಗ ಇನ್ನೊಂದು. ದಿನವಿಡೀ. ಕುಣಿಯ ಕತ್ತಲೆಯಲ್ಲಿ ಕಾಲು ಏನಾಗುತ್ತಿದೆ ಎಂದು ನೇಯುವವರಿಗೆ ಕಾಣುವುದಿಲ್ಲ. ಶುಗರ್‌ನಿಂದ ಕಾಲು ಜೋಮು ಹಿಡಿದಿದ್ದರೆ ತಿಳಿಯುವುದೂ ಇಲ್ಲ.

ದೊಡ್ಡವ್ವ ಪ್ರತಿದಿನ ಬೆಳಿಗ್ಗೆ ಡಾಕ್ಟರಮ್ಮ ಕಟ್ಟಿಸಿದ ಪಟ್ಟಿಯನ್ನು ಬಿಚ್ಚಿ ಗೂಟಕ್ಕೆ ಹಾಕುತ್ತಿದ್ದಳು. ಕಾಲು ತೊಳೆದು ಕುಣಿಗೆ ಇಳಿಯುತ್ತಿದ್ದಳು. ಮಧ್ಯಾಹ್ನ ಎದ್ದು, ಹುಣ್ಣು ತೊಳೆದು, ಅರಿಸಿನ ಒತ್ತಿ, ಸೊಸೆ ಮಂಜುಳಾಳಿಂದ ಪಟ್ಟಿ ಕಟ್ಟಿಸಿಕೊಳ್ಳುತ್ತಿದ್ದಳು. ಮಕ್ತಲ್‌ಗೆ ಬರುವ ದಿನ ಪಟ್ಟಿ ಹೊಸದು.

ಯಾಕಿಷ್ಟು ಹಟ? ನಮ್ಮ ನಾರಾಯಣಪೇಟೆ ಸೀರೆಗೆ ಮಗ್ಗಕ್ಕೆ ಹೂಡುವ ಹಾಸು, ಅಂದರೆ ಉದ್ದ ನೂಲು, ಒಮ್ಮೆಗೆ ಎಂಟು ಸೀರೆಯದು. ಎಂಟೂ ಮುಗಿದ ಮೇಲೇ ಕತ್ತರಿ. ದೊಡ್ಡವ್ವನ ಮನೆಯಲ್ಲಿ ಒಂದು ನೇಮ ಇದೆ: ಹಾಸು ಶುರು ಮಾಡಿದ ಕೈಯೇ ಹಾಸು ಮುಗಿಸಬೇಕು. ಒಬ್ಬೊಬ್ಬರು ನೂಲು ಬಡಿಯುವ ಪೆಟ್ಟು ಒಂದೊಂದು ಥರ. ಕೈ ಬದಲಾದರೆ ಬಟ್ಟೆಗೆ ಗೊತ್ತಾಗುತ್ತದಂತೆ. ದೊಡ್ಡವ್ವ ಆಗ ಆರನೇ ಸೀರೆಯಲ್ಲಿದ್ದಳು.

"ಹೇಳಿದ್ರ ಮಗ್ಗ ಬಿಡಸ್ತಾರ. ನೀ ಬಾಯಿ ಮುಚ್ಕೊಂಡಿರು, ಮಾಸ್ತರ" ಎಂದು ಬೈಕಿನ ಮೇಲೆ ನನ್ನ ಬೆನ್ನಿಗೆ ಹೇಳಿದ್ದಳು. ಮುಚ್ಚಿಕೊಂಡೆ. ಅವಳ ಮೇಲಿನ ಪ್ರೀತಿಯಿಂದ ಎಂದು ಬರೆದುಬಿಡಬಹುದು, ಓದಲು ಚೆನ್ನಾಗಿರುತ್ತದೆ. ನಿಜ ಅಷ್ಟು ಚೆನ್ನಾಗಿಲ್ಲ. ಕಾಲಿಗೆ ಹುಣ್ಣಾದ ಅರವತ್ತೆಂಟರ ಹೆಂಗಸು ಇನ್ನೂ ಮಗ್ಗ ತುಳಿಯುತ್ತಾಳೆ ಎಂದರೆ, ಪಕ್ಕದಲ್ಲಿ ಇಸ್ತ್ರಿ ಅಂಗಿ ಹಾಕಿಕೊಂಡು ಕೂತ ಲೆಕ್ಚರರ್ ಬಗ್ಗೆ ಡಾಕ್ಟರಮ್ಮ ಏನೆಂದುಕೊಂಡಾರು? ಮೊದಲ ದಿನ ಫಾರಂ ತುಂಬಿದವನೂ ನಾನೇ. ಹೆಸರು, ವಯಸ್ಸು, ಊರು. "ಕೆಲಸ" ಎಂಬಲ್ಲಿ ಒಂದು ಕ್ಷಣ ಪೆನ್ನು ನಿಂತಿತು. ಆಮೇಲೆ ಬರೆದೆ: ಏನೂ ಇಲ್ಲ.

ಡಾಕ್ಟರರ ಮುಂದೆ ನಾವೆಲ್ಲ ಯಾಕೆ ಹೀಗೆ? ನನ್ನನ್ನೇ ತೆಗೆದುಕೊಳ್ಳಿ. ಬಿ.ಪಿ. ನೋಡುವಾಗ "ವಾಕಿಂಗ್ ಮಾಡ್ತೀರಾ?" ಎಂದರೆ "ದಿನಾ" ಎನ್ನುತ್ತೇನೆ (ಹೋದ ತಿಂಗಳು ಎರಡು ದಿನ, ಅದರಲ್ಲಿ ಒಂದು ದಿನ ಪೆಟ್ರೋಲ್ ಮುಗಿದು ಬೈಕು ತಳ್ಳಿದ್ದು). ಅಲ್ಲೇ ಕ್ಲಿನಿಕ್ಕಿನ ಬೆಂಚಿನ ಮೇಲೆ ನಾರ್ವ ಕಡೆಯ ಕುರಿ ಕಾಯುವ ಹಿರಿಯರೊಬ್ಬರು ಸಿಕ್ಕಿದ್ದರು. ಹಣೆ ತುಂಬ ಭಂಡಾರದ ಅರಿಸಿನ, ಎದೆ ತುಂಬ ಕೆಮ್ಮು. ಹೆಸರು ಕರೆದ ಕೂಡಲೇ ಬೀಡಿ ಕಟ್ಟನ್ನು ರುಮಾಲಿನ ಮಡಿಕೆಗೆ ತುರುಕಿದರು.

"ಬೀಡಿ ಬಿಟ್ಟೀನಂತ ಹೇಳೀರೇನು?" ಎಂದೆ.

"ಹೂಂ ರೀ. ಬಾಳ ಒಳ್ಳೇಕಿ ರೀ ಡಾಕ್ಟರಮ್ಮ. ಸೇದ್ತೀನಂದ್ರ ಪಾಪ, ಆಕಿ ಮನಸಿಗೆ ಬ್ಯಾಸರ ಆಗ್ತೈತಿ."

ನೋಡಿ, ಡಾಕ್ಟರರ ಆರೋಗ್ಯದ ಬಗ್ಗೆ ಎಷ್ಟು ಕಾಳಜಿ!

ಐದನೇ ವಾರ. ಡ್ರೆಸಿಂಗ್ ಕೋಣೆಯಲ್ಲಿ ಹೊಸ ಸಿಸ್ಟರ್ ಇದ್ದರು, ಸುಜಾತಾ ಎಂದು ಹೆಸರು. ಪಟ್ಟಿ ಬಿಚ್ಚಿ ಹುಣ್ಣು ನೋಡುವ ಮೊದಲು ಇಡೀ ಪಾದವನ್ನೇ ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದರು. ಅಂಗಾಲಿಗೆ ಅಡ್ಡಲಾಗಿ ಗಟ್ಟಿ ಚರ್ಮದ ಒಂದು ಗೆರೆ ಇತ್ತು. ಅದರ ಮೇಲೆ ಬೆರಳಾಡಿಸಿದರು.

"ಅವ್ವಾ, ಇದು ಮಗ್ಗದ ಕಾಲು."

"ಹಳೇದವ್ವಾ. ಈಗ ಎಲ್ಲಾ ಬಿಟ್ಟೀನಿ."

"ನಮ್ಮಪ್ಪನ ಕಾಲೂ ಹಿಂಗ ಇತ್ತು ರೀ. ನಮ್ದು ಗದ್ವಾಲ. ಮನಿ ಮಂದಿ ಎಲ್ಲಾ ಮಗ್ಗದಾಗ."

ಗದ್ವಾಲ ಎಂದ ಕೂಡಲೇ ದೊಡ್ಡವ್ವನ ಬೆನ್ನು ನೆಟ್ಟಗಾಯಿತು. ನಾರಾಯಣಪೇಟೆಯ ನೇಕಾರರ ಮುಂದೆ, ಸೀರೆಗೇ ಹೆಸರಾದ ಇನ್ನೊಂದು ಊರು ಗದ್ವಾಲದ ಹೆಸರೆತ್ತಿ ನೋಡಿ, ನಿಮಗೇ ಗೊತ್ತಾಗುತ್ತದೆ.

"ಗದ್ವಾಲ ಏನು?" ಎಂದಳು. "ನಿಮ್ಮ ಸೀರಿಗಿ ಇಬ್ಬರು ಕೂಡ್ತಾರಂತಲ್ಲ?"

"ಹೂಂ ರೀ. ಅಂಚು ರೇಶ್ಮಿ, ಒಡಲು ಹತ್ತಿ. ಮೂರು ಲಾಳಿ ಆಡಸ್ಬೇಕು, ಒಬ್ಬರ ಕೈಲೆ ಆಗಂಗಿಲ್ಲ. ನಿಮ್ದೇನ್ ಬಿಡ್ರಿ, ಚೌಕಡಿ ಸೀರಿ, ಸಲೀಸು" ಎಂದರು ಸಿಸ್ಟರ್. ತುಟಿಯಂಚಿನಲ್ಲಿ ನಗು ಇತ್ತು.

"ಇಬ್ಬರು ಕೂತು ಒಂದು ನೇಯೋದು ದೊಡ್ಡಸ್ತನ ಏನವ್ವಾ? ನಾ ಒಬ್ಬಾಕಿನ ಕೂತು ಒಂದ ಹಾಸಿನ್ಯಾಗ ಎಂಟು ಇಳಿಸಿದಾಕಿ."

ಸಿಸ್ಟರ್ ಪಕ್ಕದಲ್ಲಿದ್ದ ಫಾರಂ ಎತ್ತಿಕೊಂಡರು. "ಮತ್ತ ಇಲ್ಲಿ ಹಿಂಗ್ಯಾಕ ಬರಸೀರಿ? ಕೆಲಸ: ಏನೂ ಇಲ್ಲ."

ದೊಡ್ಡವ್ವ ಕಾಲು ಹಿಂದಕ್ಕೆ ಎಳೆದುಕೊಂಡಳು.

"ಏನಂತ ಬರದೈತಿ?"

"ಏನೂ ಇಲ್ಲ ಅಂತ ರೀ."

"ಯಾರು ಬರದದ್ದು?"

ನಾನು ಗೋಡೆಯ ಮೇಲಿನ ಪೋಸ್ಟರ್ ಓದುತ್ತಿದ್ದೆ. ತಾಯಿಯ ಹಾಲಿನ ಮಹತ್ವದ ಬಗ್ಗೆ. ಬಹಳ ಗಮನವಿಟ್ಟು.

"ಏ ಮಾಸ್ತರ, ಈಕಡಿ ನೋಡು. ಹನ್ನೊಂದು ವರ್ಷದಾಕಿ ಇದ್ದಾಗ ಕುಣಿಯಾಗ ಇಳಿದಾಕಿ ನಾ. ನಿನ್ನ ಹೇಂತಿ ಮದ್ವ್ಯಾಗ ಉಟ್ಟ ಸೀರಿ ಯಾರು ನೇದದ್ದು? ಏನೂ ಇಲ್ಲದಾಕಿ ನೇದ್ಲೇನು?" ಸಿಸ್ಟರ್ ಕಡೆ ತಿರುಗಿದಳು. "ಬರಿ ತಾಯಿ. ಮಗ್ಗ ಅಂತ ಬರಿ. ನಿನ್ನೆ ಸೈತ ಕೂತಿದ್ದೆ. ಪಟ್ಟಿ ಬಿಚ್ಚಿಟ್ಟು ಕೂಡ್ತೀನಿ, ಪಟ್ಟಿ ಇದ್ರ ಹಲಗಿ ಮ್ಯಾಲೆ ಕಾಲು ಜಾರ್ತೈತಿ. ಆರನೇ ಸೀರಿ ಅರ್ಧ ಆಗೈತಿ. ಆ ದಾರ ಒತ್ತಿದ್ದೂ ನನಗ ತಿಳಿದಿಲ್ಲ, ಅಂದಾಜಿಗಿ ಹೂಂ ಅಂದೆ. ತಿಳಿದಿಲ್ಲ ಅಂದ್ರ ಮಗ್ಗಕ್ಕ ಕೂಡಾಕ ಬಿಡ್ತಿದ್ರೇನು? ಎಲ್ಲಾ ಬರಿ."

ಡಾಕ್ಟರಮ್ಮ ಯಾವಾಗ ಬಂದು ಬಾಗಿಲಲ್ಲಿ ನಿಂತರೋ ತಿಳಿಯದು. ಒಳಗೆ ಬಂದು ಸ್ಟೂಲ್ ಎಳೆದುಕೊಂಡು ಕೂತರು. "ಬಲಗಾಲು ದಿನಕ್ಕೆ ಎಷ್ಟು ಸಲ ತುಳಿಯುತ್ತದೆ ಅಮ್ಮಾ?"

"ಲಾಳಿ ಎಷ್ಟು ಸಲ ಬರ್ತದೋ ಅಷ್ಟು ಸಲ. ಎಣಿಸ್ಕೊಂತ ಕೂತ್ರ ಸೀರಿ ಆಗ್ತೈತೇನು?"

"ಐದು ವಾರದಿಂದ ನಾನು ಗುಳಿಗೆಯಲ್ಲಿ ತಪ್ಪು ಹುಡುಕುತ್ತಿದ್ದೆ" ಎಂದರು ಡಾಕ್ಟರಮ್ಮ. ನನ್ನ ಅಕ್ಷರ ಹೊಡೆದುಹಾಕಿ ತಾವೇ ಬರೆದರು: ನೇಕಾರಿಕೆ. ದೊಡ್ಡವ್ವನಿಗೆ ಒಂದು ಮಾತೂ ಬಯ್ಯಲಿಲ್ಲ. ನನಗೆ ಬೈದರು. "ಸಾರ್, ಓದಿದವರು ನೀವು." ಅಷ್ಟೇ. ಸಾಕಾಯಿತು.

ನನಗೆ ನಾಚಿಕೆ ಆಗಬೇಕಿತ್ತು, ಆಯಿತು ಕೂಡ. ಆದರೆ ಬೇರೊಂದು ಭಾವವೂ ಅದರ ಹಿಂದೆಯೇ ಬಂತು. ನೆನಪು ಇಂಥ ಕಡೆ ಬಣ್ಣ ಹಚ್ಚುತ್ತದೆ ಎಂದು ಗೊತ್ತಿರುವುದರಿಂದ ಅಂದಿನ ಡೈರಿಯನ್ನು ಎರಡು ಸಲ ನೋಡಿದೆ. "ಹೆಮ್ಮೆ" ಎಂಬ ಪದವೇ ಇದೆ, ಕೆಳಗೆ ಗೆರೆಯೂ ಇದೆ. ಬೆರಳು ಹೋಗುತ್ತದೆ ಎಂದಾಗ ಬಾಯಿ ಬಿಡದವಳು, ಕೆಲಸವೇ ಇಲ್ಲದವಳು ಎಂದಾಗ ತಡೆದುಕೊಳ್ಳಲಿಲ್ಲ. ನಾನು ಸಣ್ಣದೆಂದು ಮುಚ್ಚಿಟ್ಟದ್ದು ಅವಳಿಗೆ ಇಡೀ ಬದುಕು. ಇಂಥವಳ ಅಕ್ಕರೆಯಲ್ಲಿ ಬೆಳೆದವನು ನಾನು ಎಂದು ಊರಿಗೆಲ್ಲ ಹೇಳಬೇಕೆನಿಸಿತು. ಹೇಳುತ್ತಿದ್ದೇನೆ.

ಆದರೆ ಕಾಲು? "ಎರಡು ತಿಂಗಳು ಹಲಗೆ ತುಳಿಯಬಾರದು. ತುಳಿದರೆ ಈ ಬೆರಳು ಉಳಿಸಲು ನನ್ನಿಂದ ಆಗುವುದಿಲ್ಲ" ಎಂದರು ಡಾಕ್ಟರಮ್ಮ. ಎರಡೂವರೆ ಸೀರೆ ಬಾಕಿ.

"ಮನ್ಯಾಗ ಯಾರದಾರ ರೀ ನೇಯೋರು?" ಸಿಸ್ಟರ್ ಕೇಳಿದರು.

"ಸೊಸಿ ಅದಾಳ. ಆಕಿ ಪೆಟ್ಟು ಬ್ಯಾರೆ."

"ಬ್ಯಾರೆ ಇದ್ರ ಇರ್ಲಿ ಬಿಡ್ರಿ. ಕೈ ಚಲೋ ಐತೇನು?"

ದೊಡ್ಡವ್ವ ಕಾಲನ್ನೇ ನೋಡುತ್ತಿದ್ದಳು. ಕೊನೆಗೆ, ಒಲ್ಲದ ಮನಸ್ಸಿನಿಂದ: "ಚಲೋ ಐತಿ."

ಮಂಜುಳಾ ಈ ಮನೆಗೆ ಬಂದು ಹದಿನಾಲ್ಕು ವರ್ಷ. ಅತ್ತೆಯ ಬಾಯಿಂದ ಈ ಎರಡು ಪದ ಹೊರಬಿದ್ದಾಗ, ಪಾಪ, ಅವಳು ಅಲ್ಲಿರಲಿಲ್ಲ. (ನಾನು ಫೋನ್ ಮಾಡಿ ಹೇಳಿದೆ. "ಸುಳ್ಳು ಹೇಳಬ್ಯಾಡ್ರಿ ಭಾವಾ" ಎಂದಳು.)

ಮರುದಿನದಿಂದ ಕುಣಿಗೆ ಮಂಜುಳಾ ಇಳಿದಳು. ದೊಡ್ಡವ್ವ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು, ಕಾಲನ್ನು ಇನ್ನೊಂದು ಕುರ್ಚಿಯ ಮೇಲಿಟ್ಟು ಕೂತಳು. "ಜರಾ ಗಟ್ಟಿ ಬಡಿ. ಏನ್ ಸೊಳ್ಳಿ ಹೊಡಿಯಾಕತ್ತಿಯೇನು?" ಎಂದು ದಿನವಿಡೀ ಟೀಕೆ. ಮಗ್ಗ ಬಿಟ್ಟ ಮೂರನೇ ವಾರಕ್ಕೆ ಹುಣ್ಣು ಅಂಚಿನಿಂದ ಕೂಡತೊಡಗಿತು. ಈಗ ಅವರೆಕಾಳಿನಷ್ಟಿದೆ. ಪೂರ್ತಿ ಮಾಯ್ದಿಲ್ಲ. ಆದರೆ ಎಲುಬು ಉಳಿಯಿತು, ಬೆರಳು ಉಳಿಯಿತು ಎಂದರು ಡಾಕ್ಟರಮ್ಮ.

ಹೋದ ಭಾನುವಾರ ನಾನು ಅಲ್ಲಿದ್ದಾಗ ಹಾಸು ಮುಗಿದು, ಸೀರೆ ಒಯ್ಯಲು ಅಂಗಡಿಯ ಸಾಹುಕಾರರು ಬಂದಿದ್ದರು. ದೊಡ್ಡವ್ವ ಆರನೇ ಸೀರೆಯನ್ನು ಬಿಚ್ಚಿಸಿ, ನಡುವೆ ಒಂದು ಕಡೆ ಬೆರಳಿಟ್ಟಳು.

"ಇಲ್ಲೀತನಕ ನನ್ನ ಕೈ. ಇಲ್ಲಿಂದ ನನ್ನ ಸೊಸಿ ಕೈ. ನೋಡ್ಕೊಂಡು ತಗೋರಿ ಸಾವ್ಕಾರ್ರೆ, ಆಮ್ಯಾಲೆ ಹೇಳಿಲ್ಲ ಅನಬ್ಯಾಡ್ರಿ."

ಸಾಹುಕಾರರು ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು, ಬಿಸಿಲಿಗೆ ಹಿಡಿದು ನೋಡಿದರು. "ನನಗೇನೂ ಕಾಣವಲ್ದು ಶಂಕ್ರಮ್ಮ" ಎಂದು ಎಂಟನ್ನೂ ಮಡಿಚಿಕೊಂಡು ಹೋದರು. ನನಗೂ ಏನೂ ಕಾಣಲಿಲ್ಲ. ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಅವರು ಹೋದ ಮೇಲೆ ಕೇಳಿಯೇಬಿಟ್ಟೆ. "ದೊಡ್ಡವ್ವ, ಇದನ್ನ ಯಾರೂ ಕೇಳಿರ್ಲಿಲ್ಲ, ನೀನಾಗೇ ಹೇಳಿದಿ. ಡಾಕ್ಟರಮ್ಮ ವಾರ ವಾರ ಕೇಳಿದ್ರೂ ಕಾಲಿಂದು ಹೇಳ್ಲಿಲ್ಲ. ಯಾಕ?"

ಇಷ್ಟೂ ತಿಳಿಯದ ಇವನಿಗೆ ಕಾಲೇಜಿನಲ್ಲಿ ಯಾರು ಕೆಲಸ ಕೊಟ್ಟರು ಎಂಬಂತೆ ನನ್ನನ್ನು ನೋಡಿದಳು.

"ಸೀರಿ ಮಂದಿ ಉಡೋದು. ಕಾಲು ನಂದು."

ಇದಕ್ಕೆ ಯಾವ ಡಾಕ್ಟರು ಏನು ಔಷಧಿ ಬರೆದಾರು, ಹೇಳಿ?