ಎರಡೂ ತುದಿಯಿಂದ ಬರೆದ ಪುಸ್ತಕ

ಡಾಕ್ಟರ್ ಮರ್ಡೊ ಗಿಲಾಂಡರ್ಸ್ ನಮ್ಮ ದ್ವೀಪಕ್ಕೆ ಮೂವತ್ತೊಂದು ವರ್ಷ ಮದ್ದು ಕೊಟ್ಟರು. ನಡುವೆ ಸಮರ್ಕಂದದವರೆಗೆ ಸುತ್ತಿ ಬಂದರು. ಅವರ ಮನೆಗೆಲಸ ನನ್ನದು. ಕಾಗದ ಪೋಲಾಗಬಾರದೆಂದು ತಮ್ಮ ಹನ್ನೊಂದು ಪುಸ್ತಕಗಳಲ್ಲೂ ಮುಂದಿನಿಂದ ಪ್ರವಾಸ, ತಿರುಗಿಸಿ ಹಿಂದಿನಿಂದ ನಮ್ಮೂರವರ ಕಾಯಿಲೆ ಬರೆಯುತ್ತಿದ್ದರು. ಯಾವ ಮಗು ನಿಜಕ್ಕೂ ಯಾರದೆಂಬುದೂ ಅಲ್ಲಿತ್ತು.

ಅವರು ತೀರಿಕೊಂಡ ವಾರಕ್ಕೆ ಎಡಿನ್‌ಬರೋದಿಂದ ಅವರ ಅಣ್ಣನ ಮಗ ಲಾಕ್ಲನ್ ಬಂದ.

“ಪ್ರವಾಸದ ಬರಹ ಸಾಕು ಕಣಜ್ಜಿ, ಅಚ್ಚು ಹಾಕಿಸ್ತೀನಿ.”

ನನಗೆ ನಂಬಿಕೆ ಬರಲಿಲ್ಲ. ಒಂದು ಪುಸ್ತಕ ಕೊಟ್ಟು ನೋಡುತ್ತ ಕೂತೆ. ಅವನು ಹಿಂದಿನಿಂದಲೇ ತೆರೆದು, ಓದಿ ನಕ್ಕ.

“ಸಮರ್ಕಂದ ಆ ಕಡೆ ಇಲ್ಲ ಕಣಪ್ಪ.”

“ನಿಂಗೆ ಓದೋಕೂ ಬರುತ್ತಾ?”

“ಊರವರ ಹೆಸರು ಓದೋಷ್ಟು ಬರುತ್ತೆ.”

ಕುರಿ ತುಪ್ಪಟ ತೆಗೆಯುವ ಕತ್ತರಿ ತಂದು ಹನ್ನೊಂದು ಪುಸ್ತಕಗಳನ್ನೂ ನಡುವಿನ ಖಾಲಿ ಹಾಳೆಯಲ್ಲಿ ಸೀಳಿದೆ. ಹಿಂದಿನರ್ಧವನ್ನು ಅವನೆದುರೇ ಒಲೆಗೆ ಹಾಕಿ, ಮುಂದಿನರ್ಧ ಕಟ್ಟಿಕೊಟ್ಟೆ.